ಹರಕೆಯಿಂದ ಶುರು ಮಾಡಿದ ಸಂಶೋಧನೆ: ಕೊಡಗಿನ ದರ್ಗಾಗಳ ಜೊತೆ ಕಳೆದ ವರ್ಷಗಳು

"ಕೊಡಗಿನಲ್ಲಿ ದರ್ಗಾ ಉಂಟಾ?" ನನ್ನ ಪಿಎಚ್.ಡಿ. ವಿಷಯ ಹೇಳಿದಾಗ ಮೈಸೂರು, ಬೆಂಗಳೂರಿನ ಗೆಳೆಯರು ಹೀಗೆ ಕೇಳುತ್ತಿದ್ದರು. ಅವರಿಗೆ ಕೊಡಗು ಅಂದರೆ ಕಾಫಿ, ಮಳೆ, ತಲಕಾವೇರಿ, ಹೋಂಸ್ಟೇ. ನಮ್ಮ ಕಡೆಯವರು ಕೇಳುವ ರೀತಿಯೇ ಬೇರೆ. ನಾಪೋಕ್ಲು ಹತ್ತಿರದ ಎಮ್ಮೆಮಾಡು ನಮ್ಮಲ್ಲಿ ಹೆಸರಾದ ದರ್ಗಾ ಇರುವ ಹಳ್ಳಿ. "ಎಮ್ಮೆಮಾಡಿನ ಬಗ್ಗೆ ಬರೆಯುವುದಕ್ಕೆ ಏನುಂಟು, ಎಲ್ಲರೂ ಹೋಗ್ತಾರಲ್ಲ?" ಎರಡನೇ ಪ್ರಶ್ನೆಯೇ ನನಗೆ ಜಾಸ್ತಿ ಇಷ್ಟವಾಯಿತು. ಎಲ್ಲರೂ ಹೋಗುವುದು ನಿಜ. ಯಾಕೆ ಹೋಗುತ್ತಾರೆ, ಹೋಗಿ ಏನು ಕೇಳುತ್ತಾರೆ, ಕೇಳಿದ್ದು ಸಿಕ್ಕಿದ ಮೇಲೆ ಏನು ಕೊಡುತ್ತಾರೆ? ಇದನ್ನು ಕೂತು ಬರೆದವರು ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ಮನೆಮಾತು ಅರೆಭಾಷೆ. ಅಜ್ಜಿ ಇದ್ದ ಕಾಲದಲ್ಲಿ ದನ ಕಾಡಿಗೆ ಹೋಗಿ ಬಾರದಿದ್ದರೆ, ಮಗುವಿನ ಜ್ವರ ಇಳಿಯದಿದ್ದರೆ ಎಮ್ಮೆಮಾಡಿಗೆ ಎಣ್ಣೆಯ ಹರಕೆ ಹೇಳಿಕೊಳ್ಳುತ್ತಿದ್ದರು. ಪಾಡಿ ಇಗ್ಗುತ್ತಪ್ಪನಿಗೂ ಹೇಳಿಕೊಳ್ಳುತ್ತಿದ್ದರು, ಭಾಗಮಂಡಲಕ್ಕೂ ಹೇಳಿಕೊಳ್ಳುತ್ತಿದ್ದರು. ಯಾವುದನ್ನು ಯಾರಿಗೆ ಹೇಳಬೇಕು ಅನ್ನುವುದಕ್ಕೆ ಅವರಲ್ಲಿ ಲೆಕ್ಕ ಇತ್ತು. ಆ ಲೆಕ್ಕ ಏನು ಅಂತ ತಿಳಿಯುವ ಆಸೆ ನನಗೆ ಕಾಲೇಜು ದಿನಗಳಿಂದಲೂ ಇತ್ತು.

ಮೊದಲ ವರ್ಷ ಹೋದದ್ದು ಓದುವುದರಲ್ಲೇ. ಕರ್ನಾಟಕದ ಸೂಫಿಗಳ ಬಗ್ಗೆ ಓದಲು ಹೊರಟವರಿಗೆ ಮೊದಲು ಸಿಗುವುದು ಉತ್ತರದ ಕಡೆಯ ಕಥೆ. ಕಲಬುರಗಿಯ ಖ್ವಾಜಾ ಬಂದೇ ನವಾಜ್, 1422ರಲ್ಲಿ ತೀರಿಕೊಂಡ ಚಿಶ್ತಿ ಎಂಬ ಸೂಫಿ ಪಂಥದ ಸಂತ. ಆಮೇಲೆ ಬಿಜಾಪುರ. ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಮೇಲೆ ಬರೆದ ಪುಸ್ತಕ ಇಂದಿಗೂ ಈ ವಿಷಯಕ್ಕೆ ಬಾಗಿಲು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಕ್ಕಿನಾಮಾದ ಭಾಗ. ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತು ದಖ್ಖನಿ ಉರ್ದುವಿನಲ್ಲಿ ಹಾಡುತ್ತಿದ್ದ ಹಾಡುಗಳು ಅವು. ದೊಡ್ಡ ದೊಡ್ಡ ತತ್ವದ ಗ್ರಂಥಗಳು ಮಠದೊಳಗೆ, ಸೂಫಿಗಳ ಆಶ್ರಮವಾದ ಖಾನಖಾದೊಳಗೆ ಉಳಿದಾಗ ಊರಿನೊಳಕ್ಕೆ ಸೂಫಿಗಳ ಮಾತನ್ನು ತಂದದ್ದು ಈ ಬೀಸುವ ಕಲ್ಲು ಅಂತ ಈಟನ್ ತೋರಿಸುತ್ತಾರೆ. ಕನ್ನಡದಲ್ಲಿ ರಹಮತ್ ತರೀಕೆರೆಯವರು ಊರೂರು ಅಲೆದು ಮಾಡಿದ ಕೆಲಸ ಇದೆ. ಅದನ್ನು ಓದಿದ ಮೇಲೆ ಗ್ರಂಥಾಲಯದಲ್ಲಿ ಕೂತರೆ ಆಗದು, ಕಾಲಿಗೆ ಚಪ್ಪಲಿ ಹಾಕಬೇಕು ಅಂತ ಗೊತ್ತಾಯಿತು.

ಕೊಡಗಿನ ಬಗ್ಗೆ ಪುಸ್ತಕಗಳಿಗೇನೂ ಬರ ಇಲ್ಲ. ಪಾದ್ರಿ ರಿಕ್ಟರ್ 1870ರಲ್ಲಿ ಬರೆದ ಕೊಡಗಿನ ಕೈಪಿಡಿ ಇದೆ. ನಡಿಕೇರಿಯಂಡ ಚಿಣ್ಣಪ್ಪ ಹಾಡುಗಳನ್ನೂ ಪದ್ಧತಿಗಳನ್ನೂ ಕೂಡಿಸಿ 1924ರಲ್ಲಿ ತಂದ 'ಪಟ್ಟೋಲೆ ಪಳಮೆ' ಇದೆ. ಎಂ.ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕ ಇಡೀ ಭಾರತದ ಸಮಾಜಶಾಸ್ತ್ರಕ್ಕೇ ದಾರಿ ತೋರಿಸಿದ್ದು. ಇವೆಲ್ಲ ಬೇಕು. ಆದರೆ ನನಗೆ ಬೇಕಾದ ಜಾಗಕ್ಕೆ ಇವುಗಳಿಂದ ದಾರಿ ಸಿಗುವುದು ಸ್ವಲ್ಪ ದೂರ ಮಾತ್ರ.

ಓದುತ್ತಾ ಒಂದು ವಿಷಯ ಸ್ಪಷ್ಟವಾಯಿತು. ಕೊಡಗಿನ ಹೆಚ್ಚಿನ ದರ್ಗಾಗಳು ಕಲಬುರಗಿ ಕಡೆ ಮುಖ ಮಾಡಿದವಲ್ಲ. ಅವುಗಳ ನಂಟು ಘಟ್ಟದ ಕೆಳಗೆ, ಮಲಬಾರಿಗೆ, ಅಲ್ಲಿಂದ ಸಮುದ್ರ ದಾಟಿ ಯೆಮೆನಿಗೆ. ಎಮ್ಮೆಮಾಡಿನಲ್ಲಿ ಎರಡು ಹೆಸರು ಒಟ್ಟಿಗೆ ಕೇಳುತ್ತೇವೆ: ಸೂಫಿ ಶಹೀದ್ ಮತ್ತು ಸಯ್ಯಿದ್ ಹಸನ್ ಸಖಾಫ್ ಹಳ್ರಮಿ. ಹಳ್ರಮಿ ಅಂದರೆ ಯೆಮೆನಿನ ಹದ್ರಮೌತ್ ಸೀಮೆಯವರು. ಸಖಾಫ್ ಅಲ್ಲಿನ ತರೀಂ ಪಟ್ಟಣದ ಸಯ್ಯಿದ್ ಮನೆತನ, ಅಂದರೆ ಪ್ರವಾದಿಯವರ ವಂಶದವರು. 1416ರಲ್ಲಿ ತರೀಮಿನಲ್ಲಿ ತೀರಿಕೊಂಡ ಅಬ್ದುರ್ರಹ್ಮಾನ್ ಅಸ್ಸಖಾಫ್ ಎಂಬ ಸಂತರಿಂದ ಬಂದ ಹೆಸರು. ಈ ಮನೆತನಗಳ ಜನ ವ್ಯಾಪಾರದ ಹಡಗುಗಳಲ್ಲಿ ಗುಜರಾತ್, ಮಲಬಾರ್, ಜಾವಾ, ಪೂರ್ವ ಆಫ್ರಿಕಾದವರೆಗೆ ಹರಡಿದರು. ಹೋದಲ್ಲೆಲ್ಲ ಶಾಫಿ ಮದ್ಹಬ್ ಎಂಬ ಧರ್ಮನಿಯಮದ ಪಂಥವನ್ನೂ ತಮ್ಮ ನಾಮಸ್ಮರಣೆಯ ದಿಕ್ರ್‌ಗಳನ್ನೂ ಒಯ್ದರು. ನಾಪೋಕ್ಲಿನ ಗದ್ದೆ ಬಯಲಿನ ಪಕ್ಕದ ಒಂದು ಹಳ್ಳಿಯ ಹೆಸರಿಗೆ ಹಿಂದೂ ಮಹಾಸಾಗರದ ಇತಿಹಾಸ ಅಂಟಿಕೊಂಡಿದೆ ಅಂದರೆ ಸುಮ್ನೆ ಅಲ್ಲ.

ಕೊಡಗಿನ ಮುಸ್ಲಿಮರು ಎಲ್ಲರೂ ಒಂದೇ ಥರದವರಲ್ಲ. ಇದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮನೆಯಲ್ಲಿ ಮಲಯಾಳ ಮಾತಾಡುವ ಮಾಪಿಳ್ಳೆಯವರು ಜಾಸ್ತಿ. ಕೊಡವ ತಕ್ಕ್ ಮಾತಾಡುವ, ಕೊಡವರ ಹಾಗೆಯೇ ಮನೆ ಹೆಸರು ಇರುವ ಜಮ್ಮಾ (ವಂಶಪಾರಂಪರ್ಯ ಹಿಡುವಳಿ) ಮಾಪಿಳ್ಳೆಯವರು ಇದ್ದಾರೆ. ಕೊಡ್ಲಿಪೇಟೆ, ಶನಿವಾರಸಂತೆ ಕಡೆ ಉರ್ದು ಮಾತಾಡುವವರು. ಉರ್ದು ಮಾತಿನ ಕಡೆ ಗಂಧ, ಕವ್ವಾಲಿ ಅಂದರೆ ಎಲ್ಲರಿಗೂ ಗೊತ್ತು. ನಾಪೋಕ್ಲು, ವಿರಾಜಪೇಟೆ ಕಡೆಯ ಮಖಾಮುಗಳಲ್ಲಿ, ಅಂದರೆ ಸಂತರ ಗೋರಿಗಳಲ್ಲಿ, ಮೌಲೂದ್ ಎಂಬ ಪ್ರವಾದಿ ಸ್ತುತಿ, ರಾತೀಬ್ ಎಂಬ ಒಟ್ಟಾಗಿ ಓದುವ ನಾಮಸ್ಮರಣೆ, ತಂಙಳರ (ಸಯ್ಯಿದ್ ಗುರುಗಳ) ದುಆ, ಅಂದರೆ ಪ್ರಾರ್ಥನೆ. ನಾನು ಎರಡನೆಯ ಕಡೆ ಮಾತ್ರ ಕೆಲಸ ಮಾಡಿದೆ. ಎರಡನ್ನೂ ಒಂದೇ ಅಧ್ಯಾಯಕ್ಕೆ ತುಂಬಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಒಪ್ಪಿಗೆ ಪಡೆಯುವುದು ಸುಲಭ ಇರಲಿಲ್ಲ. ವಿಶ್ವವಿದ್ಯಾಲಯದ ಪತ್ರ ಹಿಡಿದು ಜಮಾಅತ್ (ಮಸೀದಿ) ಕಮಿಟಿಗಳ ಹತ್ತಿರ ಹೋದೆ. ಒಂದು ಕಡೆ ಚಹಾ ಕೊಟ್ಟು, ಮಹಾಸಭೆಯಲ್ಲಿ ಕೇಳಿ ಹೇಳುತ್ತೇವೆ ಅಂದರು. ಇನ್ನೊಂದು ಕಡೆ ಹಿರಿಯ ಹಾಜಿಯೊಬ್ಬರು ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಬರೆದದ್ದು ನಾಳೆ ಕೋರ್ಟಿಗೆ ಹೋಗುತ್ತದಾ ಮೇಡಂ?" ಅಂತ ಕೇಳಿದರು.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಅವರು ಯಾಕೆ ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಚಿಕ್ಕಮಗಳೂರಿನಲ್ಲಿ ಬಾಬಾಬುಡನ್‌ಗಿರಿ ಇದೆ. ಒಂದೇ ಗುಹೆಗೆ ಎರಡು ಸಮುದಾಯದವರೂ ನಡೆದುಕೊಳ್ಳುತ್ತಿದ್ದ ಜಾಗ. ಆ ಜಾಗ ವರ್ಷಗಟ್ಟಲೆ ಕೋರ್ಟು, ಕಮಿಟಿ, ಪೊಲೀಸ್ ಬಂದೋಬಸ್ತಿನ ಸುದ್ದಿಯಾಯಿತು. ಅಲ್ಲಿ ಯಾರೋ ಹಿಂದೆ ಬರೆದಿಟ್ಟ ಒಂದೊಂದು ಸಾಲೂ ವಾದದ ಸಾಮಗ್ರಿ ಆಯಿತು. ದರ್ಗಾದ ಮೂಲದ ಕಥೆ ಬರೆಯುವವರು ಈ ಭಾರ ಹೊತ್ತೇ ಬರೆಯಬೇಕು. ಕೊನೆಗೆ ಹಾಜಿಯವರಿಗೆ ಹೇಳಿದೆ: ಜಾಗದ ಗಡಿ, ಜಮೀನಿನ ಹಕ್ಕು, ಯಾರು ಮೊದಲು ಬಂದರು ಅನ್ನುವುದು ನನ್ನ ಪ್ರಶ್ನೆ ಅಲ್ಲ. ಜನ ಇಲ್ಲಿಗೆ ಬಂದು ಏನು ಮಾಡುತ್ತಾರೆ ಅನ್ನುವುದು ನನ್ನ ಪ್ರಶ್ನೆ. ಬರೆದ ಅಧ್ಯಾಯವನ್ನು ಸಲ್ಲಿಸುವ ಮುಂಚೆ ನಿಮಗೆ ಓದಿ ಹೇಳುತ್ತೇನೆ. ಅವರು ಆ ಮಾತನ್ನು ಕಾಗದದಲ್ಲಿ ಬರೆಸಿಕೊಂಡರು. ಬರೆಸಿಕೊಂಡದ್ದು ಒಳ್ಳೆಯದೇ ಆಯಿತು ಅಂತ ಈಗಲೂ ಅನ್ನಿಸುತ್ತದೆ. ಸಂಶೋಧನೆ ಮುಗಿದ ಮೇಲೆ ಊರಿಗೆ ಬೆನ್ನು ತಿರುಗಿಸಿ ಹೋಗುವವರನ್ನು ಅವರು ತುಂಬ ಜನರನ್ನು ನೋಡಿದ್ದಾರೆ.

ಉರೂಸಿನ ಸಮಯಕ್ಕೆ ಹೋದರೆ ಕ್ಯಾಮರಾ ತುಂಬುತ್ತದೆ, ನೋಟ್‌ಬುಕ್ ತುಂಬುವುದಿಲ್ಲ. ಜನಸಾಗರ, ಮೈಕು, ಅಂಗಡಿ ಸಾಲು, ಅನ್ನದಾನದ ದೊಡ್ಡ ಪಾತ್ರೆಗಳು. ಯಾರಿಗೂ ಮಾತಾಡಲು ಪುರುಸೊತ್ತು ಇರುವುದಿಲ್ಲ. ಹಾಗಾಗಿ ನಾನು ಜಾಸ್ತಿ ಹೋದದ್ದು ಸಾಮಾನ್ಯ ದಿನಗಳಲ್ಲಿ, ಅದರಲ್ಲೂ ಗುರುವಾರ ಸಂಜೆ. ಸೂರ್ಯ ಮುಳುಗಿದ ಮೇಲೆ ಅವರ ಲೆಕ್ಕದಲ್ಲಿ ಶುಕ್ರವಾರ ಶುರುವಾಗುತ್ತದೆ. ಆ ಹೊತ್ತಿಗೆ ಗೋರಿಯ ದರ್ಶನಕ್ಕೆ, ಅಂದರೆ ಝಿಯಾರತ್‌ಗೆ ಬರುವವರು ಒಂದಿಷ್ಟು ಜನ ಇದ್ದೇ ಇರುತ್ತಾರೆ. ಮಳೆಗಾಲದಲ್ಲಿ ಕಾವೇರಿ ಉಕ್ಕಿ ಬೊಳಿಬಾಣೆಯಲ್ಲಿ ರಸ್ತೆ ಮೇಲೆ ನೀರು ನಿಂತರೆ ಮೂರ್ನಾಡಿನಿಂದ ನಾಪೋಕ್ಲಿಗೆ ಹೋಗುವುದೇ ಕಷ್ಟ. ಆಗ ಮನೆಯಲ್ಲಿ ಕೂತು ಧ್ವನಿಮುದ್ರಣಗಳನ್ನು ಬರೆದುಕೊಳ್ಳುತ್ತಿದ್ದೆ.

ಹೆಂಗಸರು ಕೂರುವ ಕಡೆ ಕೂತೆ. ಪ್ರಶ್ನೆಪಟ್ಟಿ ಚೀಲದಿಂದ ಹೊರಗೆ ಬರಲೇ ಇಲ್ಲ, ಬೇಕಾಗಲೂ ಇಲ್ಲ. ಒಬ್ಬರು ಇನ್ನೊಬ್ಬರಿಗೆ ತಾವು ಯಾಕೆ ಬಂದದ್ದು ಅಂತ ಹೇಳಿಕೊಳ್ಳುವುದು ಅಲ್ಲಿನ ರೂಢಿ. ಆ ಮಾತಿಗೆ ನಾನೂ ಸೇರಿಕೊಂಡೆ.

ಒಂದು ಸಂಜೆ ಪಕ್ಕದ ಊರಿನ ಒಬ್ಬ ಹೆಂಗಸು ಬಂದರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ತೆಂಗಿನೆಣ್ಣೆಯ ಬಾಟ್ಲಿ. ಬಾಟ್ಲಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಅದರ ಮೇಲೆ ಬಾಳೆನಾರು ಸುತ್ತಿದ್ದರು. ಗಬ್ಬದ ಹಸು ಕರು ಹಾಕಲು ಆಗದೆ ಒದ್ದಾಡುತ್ತಿತ್ತಂತೆ. ಪಶುವೈದ್ಯರು ಬರುವುದು ತಡವಾಯಿತು. ಅಡ್ಡ ಬಿದ್ದಿದ್ದ ಹಸುವಿನ ಬೆನ್ನ ಮೇಲೆ ಕೈ ಇಟ್ಟು ಎಮ್ಮೆಮಾಡಿಗೆ ಎಣ್ಣೆ ಹೇಳಿಕೊಂಡರು. ಕರು ಬದುಕಿತು. "ವೈದ್ಯರೂ ಬಂದರು, ಇವರೂ ಬಂದರು" ಅಂದರು ಆಯಮ್ಮ, ಮಖಾಮಿನ ಕಡೆ ನೋಡುತ್ತಾ. ವೈದ್ಯರಿಗೆ ಫೀಸು ಕೊಟ್ಟಾಯಿತು, ಇವರದ್ದು ಬಾಕಿ ಇತ್ತು, ಅದಕ್ಕೆ ಬಂದೆ ಅಂದರು. ಎಣ್ಣೆ ಕೊಟ್ಟು, ಸ್ವಲ್ಪ ಎಣ್ಣೆ ವಾಪಸ್ ಪಡೆದು, ಹಸುವಿನ ಹಣೆಗೆ ಹಚ್ಚಲು ಒಯ್ದರು. ಇಗ್ಗುತ್ತಪ್ಪನಿಗೆ ಯಾಕೆ ಹೇಳಿಕೊಳ್ಳಲಿಲ್ಲ ಅಂತ ಕೇಳಿದೆ. "ಮಳೆಬೆಳೆ ಅವನದ್ದು" ಅಂದರು. ಇಷ್ಟು ಚಿಕ್ಕ ಉತ್ತರದಲ್ಲಿ ನಮ್ಮ ಅಜ್ಜಿಯ ಲೆಕ್ಕ ಪೂರ್ತಿ ಸಿಕ್ಕಿತು.

ಆಮೇಲೆ ಬಂದವರನ್ನೆಲ್ಲ ಇದೇ ದಾರಿಯಲ್ಲಿ ಕೇಳುತ್ತಾ ಹೋದೆ. ರಾತ್ರಿ ಬೆಚ್ಚಿಬೀಳುವ ಮಗುವಿಗೆ ಓದಿ ಊದಿದ ನೂಲು ಕಟ್ಟಿಸಲು ಬಂದ ತಾಯಿ. ಗಲ್ಫಿನಲ್ಲಿರುವ ಗಂಡನ ವೀಸಾ ಸರಿಯಾಗಲಿ ಅಂತ ಬಂದವಳು. ಕರಿಮೆಣಸಿನ ಮೊದಲ ಕೊಯ್ಲಿನಲ್ಲಿ ಒಂದು ಸೇರು ಕೊಡುವ ತೋಟದ ಮಾಲೀಕರು. ಲೈನ್ ಮನೆಯಿಂದ ಸಂಬಳದ ದಿನ ಬರುವ ಕೂಲಿಯವರು. ರಸ್ತೆ ಬದಿಯ ಕಾಣಿಕೆ ಡಬ್ಬಿಯ ಹತ್ತಿರ ಜೀಪು ನಿಧಾನ ಮಾಡಿ ನಾಣ್ಯ ಹಾಕಿ ಹೋಗುವ ಚಾಲಕರು. ಇವರಲ್ಲಿ ಯಾರೂ ಸೌಹಾರ್ದಕ್ಕಾಗಿ ಬಂದೆ ಅನ್ನಲಿಲ್ಲ. ಕಷ್ಟಕ್ಕೆ ಬಂದೆ ಅಂದರು, ಕೊಟ್ಟ ಮಾತು ತೀರಿಸಲು ಬಂದೆ ಅಂದರು.

ನನ್ನ ಸಂಶೋಧನೆಯ ಗಟ್ಟಿ ಮಾತು ಇದೇ. ದರ್ಗಾದ ಬಗ್ಗೆ ಬರೆಯುವ ಪತ್ರಿಕೆ, ಭಾಷಣ, ಪ್ರಬಂಧ ಎಲ್ಲವೂ ಸೌಹಾರ್ದದಿಂದ ಶುರುವಾಗುತ್ತವೆ. ಅದರಲ್ಲಿ ಒಳ್ಳೆಯ ಉದ್ದೇಶವೇ ಇದೆ. ಈ ಕಾಲಕ್ಕೆ ಬೇಕೂ ಬೇಕು. ಆದರೆ ಹಾಗೆ ಶುರು ಮಾಡಿದರೆ ಬಂದವರೆಲ್ಲ ಹಿಂದೂ, ಮುಸ್ಲಿಂ ಅನ್ನುವ ಎರಡು ಗುಂಪಾಗಿ ಮಾತ್ರ ಕಾಣುತ್ತಾರೆ. ಹರಕೆಯಿಂದ ಶುರು ಮಾಡಿದರೆ ಹಸು, ಮಗು, ವೀಸಾ, ಮೆಣಸು ಕಾಣುತ್ತವೆ. ಒಬ್ಬೊಬ್ಬರ ಕಷ್ಟ ಕಾಣುತ್ತದೆ. ಒಟ್ಟಿಗೆ ಬದುಕುವುದು ಅನ್ನುವುದು ಅದರೊಳಗೇ ಇರುತ್ತದೆ, ಮೇಲಿಂದ ಅಂಟಿಸಬೇಕಾಗಿಲ್ಲ. ನನ್ನ ಮಾರ್ಗದರ್ಶಕರಿಗೆ ಮೊದಲು ಇದು ಒಪ್ಪಿಗೆ ಆಗಲಿಲ್ಲ. ಸಮನ್ವಯ ಅಂತ ಅಧ್ಯಾಯದ ಹೆಸರು ಇಡಿ, ಎಲ್ಲರೂ ಹಾಗೇ ಇಡುತ್ತಾರೆ ಅಂದರು. ನಾನು ಹರಕೆಯ ಟಿಪ್ಪಣಿಗಳನ್ನು ಪೂರ್ತಿ ಅವರ ಮುಂದೆ ಇಟ್ಟೆ. ಓದಿದ ಮೇಲೆ ಅವರೇ ಆ ಹೆಸರು ಬಿಟ್ಟರು.

ಇನ್ನೊಂದು ದೊಡ್ಡ ಆಕರ ನನಗೆ ಸಿಕ್ಕಿದ್ದು ಉರೂಸಿನ ನೋಟಿಸುಗಳಲ್ಲಿ. ಹಳದಿ, ಗುಲಾಬಿ, ಹಸಿರು ಕಾಗದದಲ್ಲಿ ಅಚ್ಚಾಗಿ ಬಸ್‌ಸ್ಟಾಂಡಿನಲ್ಲಿ ಹಂಚುವ ಕಾಗದಗಳು. ಉರೂಸು ಮುಗಿದ ಮೇಲೆ ಅವುಗಳಲ್ಲಿ ಕಡಲೆ ಕಟ್ಟುತ್ತಾರೆ. ನಾನು ಕಿರಾಣಿ ಅಂಗಡಿ, ಹಳೇ ಮನೆಗಳ ಟ್ರಂಕು, ಒಬ್ಬ ನಿವೃತ್ತ ಮೇಷ್ಟ್ರ ಪುಸ್ತಕಗಳ ನಡುವೆ ಹುಡುಕಿ ಕೂಡಿಸಿದೆ. ಕಾಲದ ಪ್ರಕಾರ ಜೋಡಿಸಿ ನೆಲದ ಮೇಲೆ ಹರಡಿದಾಗ ಊರಿನ ಚರಿತ್ರೆ ತಾನಾಗಿಯೇ ತೆರೆದುಕೊಂಡಿತು. ಹಳೆಯ ನೋಟಿಸುಗಳು ಚಿಕ್ಕವು. ಧ್ವಜ ಏರಿಸುವುದು, ಖತಂ (ಕುರ್ಆನ್ ಪೂರ್ತಿ ಓದಿ ಮುಗಿಸುವುದು), ದುಆ, ಅನ್ನದಾನ, ಅಷ್ಟೇ. ಬರಬರುತ್ತಾ ಮತಪ್ರವಚನದ ರಾತ್ರಿಗಳು ಸೇರುತ್ತವೆ. ಘಟ್ಟದ ಕೆಳಗಿನ ಉಸ್ತಾದರ ಹೆಸರು ಬರುತ್ತದೆ. ಪ್ರವಾದಿಯವರನ್ನು ಹೊಗಳುವ ಬುರ್ದಾ ಕಾವ್ಯದ ಆಲಾಪನೆ, ದಫ್ ವಾದ್ಯ ಬರುತ್ತದೆ. ಆಮೇಲೆ ಒಂದು ಮಧ್ಯಾಹ್ನ ಪೂರ್ತಿ ಸೌಹಾರ್ದ ಸಮಾರಂಭಕ್ಕೆ ಮೀಸಲಾಗುತ್ತದೆ. ಶಾಸಕರು, ಸ್ವಾಮೀಜಿಗಳು, ಪಾದ್ರಿಗಳು ವೇದಿಕೆ ಮೇಲೆ. ಈ ಸಮಾರಂಭ ಇಲ್ಲದ ಕಾಲದಲ್ಲೂ ಕುಂಕುಮ ಇಟ್ಟ ಹೆಂಗಸರು ಎಣ್ಣೆ ತರುತ್ತಿದ್ದರು. ಅದಕ್ಕೆ ವೇದಿಕೆ ಬೇಕು ಅಂತ ಅನ್ನಿಸಿದ್ದು ಯಾವಾಗ, ಯಾಕೆ ಅನ್ನುವುದು ನೋಟಿಸುಗಳ ಸಾಲಿನಲ್ಲೇ ಕಾಣುತ್ತದೆ. ಹೊರಗೆ ಬಿರುಕು ಜಾಸ್ತಿ ಆದ ಹಾಗೆ ಒಳಗೆ ಅದನ್ನು ಗಟ್ಟಿಯಾಗಿ ಹೇಳಬೇಕಾಯಿತು.

ನೋಟಿಸುಗಳು ಇನ್ನೊಂದು ಸಂಗತಿ ಹೇಳಿದವು. ಇಸ್ಲಾಮಿನ ಚಂದ್ರಮಾನದ ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ಹಿಜರಿ ತಾರೀಕಿಗೆ ಕಟ್ಟಿದ ಉರೂಸು ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯಬೇಕು. ಅಜ್ಮೀರದ್ದು ರಜಬ್ ತಿಂಗಳಲ್ಲಿ, ಕಲಬುರಗಿಯದ್ದು ಝುಲ್ ಕಅದಾ ತಿಂಗಳಲ್ಲಿ, ಹೀಗೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ನಾನು ಕೂಡಿಸಿದ ಕೊಡಗಿನ ನೋಟಿಸುಗಳು ಹೆಚ್ಚಿನವು ಬೇಸಿಗೆಯವೇ. ಹಾಜಿಯವರನ್ನು ಕೇಳಿದೆ.

"ಕಾಫಿ ಕೊಯ್ಲು ಮುಗಿಯಬೇಕು, ಮಳೆ ಹಿಡಿಯಬಾರದು. ಜೂನ್ ಜುಲೈಯಲ್ಲಿ ಉರೂಸ್ ಮಾಡಿದರೆ ಅನ್ನ ಎಲ್ಲಿ ಬೇಯಿಸುವುದು, ಜನ ಎಲ್ಲಿ ಕೂರುವುದು?" ಅಂದರು.

ಕೊಯ್ಲು ಮುಗಿದರೆ ಕೈಯಲ್ಲಿ ಹಣ ಇರುತ್ತದೆ, ಆಳುಗಳಿಗೆ ಬಿಡುವು ಇರುತ್ತದೆ. ಅರಬ್ ದೇಶದ ಚಂದ್ರಮಾನವನ್ನು ಕೊಡಗಿನ ಮಳೆ ಒಪ್ಪಿಸಿಕೊಂಡಿದೆ. ಸಂತರು ಬಂದ ನಾಡಿಗೂ ನೆಲೆಸಿದ ನಾಡಿಗೂ ನಡುವೆ ಆದ ಒಪ್ಪಂದ ಇದು, ನನ್ನ ಕಣ್ಣಿಗೆ. ಇದನ್ನು ಬರೆಯುವಾಗ ಸಿಕ್ಕ ಖುಷಿ ಬೇರೆ ಯಾವ ಪುಟ ಬರೆಯುವಾಗಲೂ ಸಿಗಲಿಲ್ಲ.

ಈಗ ಮಾಲೆಗಳ, ಅಂದರೆ ಸಂತರನ್ನು ಹೊಗಳುವ ಹಾಡುಗಳ ವಿಷಯ. ಇದನ್ನು ಹೇಳಲು ನನಗೆ ಎಷ್ಟು ಜಾಗ ಕೊಟ್ಟರೂ ಸಾಲದು.

ನಾಪೋಕ್ಲು ಕಡೆಯ ಒಂದು ಮನೆಯ ಹಿರಿಯರನ್ನು ಉಮ್ಮ (ಅಮ್ಮ) ಅಂತ ಕರೆಯುವಷ್ಟು ಹತ್ತಿರದವಳಾಗಿದ್ದೆ. ಅವರು ನನ್ನನ್ನು ಮೋಳೇ (ಮಗಳೇ) ಅನ್ನುತ್ತಿದ್ದರು. ವಯಸ್ಸು ಎಂಬತ್ತರ ಹತ್ತಿರ. ಕನ್ನಡ ಓದಲು ಬರುವುದಿಲ್ಲ, ಮಲಯಾಳ ಲಿಪಿಯೂ ಬರುವುದಿಲ್ಲ. ಜನಗಣತಿಯವರು ಬಂದಾಗ ಅನಕ್ಷರಸ್ಥೆ ಅಂತ ಬರೆದುಕೊಂಡು ಹೋದರಂತೆ. ಒಂದು ಸಂಜೆ ಮಗ್ರಿಬ್ ನಮಾಜ್ ಮುಗಿಸಿ, ಕಪಾಟಿನಿಂದ ಪಾಲಿಥಿನ್ ಕವರಿನಲ್ಲಿ ಸುತ್ತಿದ್ದ ಪುಸ್ತಕ ತೆಗೆದರು. ಹೊಲಿಗೆ ಬಿಟ್ಟಿತ್ತು. ಅಂಚುಗಳು ಹೊಗೆ ಹಿಡಿದು ಕಂದಾಗಿದ್ದವು. ಬೆರಳನ್ನು ಬಲದಿಂದ ಎಡಕ್ಕೆ ಸರಿಸುತ್ತಾ ರಾಗವಾಗಿ ಓದತೊಡಗಿದರು. ಅದು ಅರಬಿ ಮಲಯಾಳ. ಅಕ್ಷರ ಅರಬಿಯದ್ದು, ಮಾತು ಮಲಯಾಳ. ಸರ್ಕಾರದ ಲೆಕ್ಕದಲ್ಲಿ ಓದುಬರಹ ಬಾರದ ಈ ಉಮ್ಮ ನಾನು ಒಂದಕ್ಷರವೂ ಓದಲಾಗದ ಪುಸ್ತಕವನ್ನು ಸರಾಗವಾಗಿ ಓದುತ್ತಿದ್ದರು.

ಓದಿದ್ದು ಮುಹಿಯುದ್ದೀನ್ ಮಾಲೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಕಟ್ಟಿದ ಹಾಡು. ಬಾಗ್ದಾದಿನಲ್ಲಿ 1166ರಲ್ಲಿ ತೀರಿಕೊಂಡ ಶೇಖ್ ಅಬ್ದುಲ್ ಖಾದಿರ್ ಜೀಲಾನಿಯವರ ಮಹಿಮೆ ಅದರಲ್ಲಿದೆ. ಕಾಲ ಖಚಿತವಾಗಿ ಗೊತ್ತಿರುವ ಅರಬಿ ಮಲಯಾಳ ಕೃತಿಗಳಲ್ಲಿ ಅತಿ ಹಳೆಯದು. 400 ವರ್ಷ ಆದ ಮೇಲೂ ಅದು ಕಾಫಿ ತೋಟದ ನಡುವಿನ ಒಂದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಬದುಕಿದೆ. ಈಟನ್ ಬರೆದ ಬೀಸುವ ಕಲ್ಲಿನ ಹಾಡುಗಳಿಗೆ ನಮ್ಮ ಕಡೆಯ ಜೋಡಿ ಇದೇ ಅಂತ ನನಗೆ ಅನ್ನಿಸಿತು. ಅಲ್ಲಿ ದಖ್ಖನಿ, ಇಲ್ಲಿ ಮಲಯಾಳ. ಹಾಡಿ ಉಳಿಸಿದವರು ಎರಡೂ ಕಡೆ ಹೆಂಗಸರು.

ಉಮ್ಮ ಆಮೇಲೆ ನಫೀಸತ್ ಮಾಲೆಯ ವಿಷಯ ಹೇಳಿದರು. ಪ್ರವಾದಿಯವರ ವಂಶದ ಸಯ್ಯಿದಾ ನಫೀಸಾ ಕೈರೋದಲ್ಲಿ 824ರಲ್ಲಿ ತೀರಿಕೊಂಡವರು. ಅವರ ಗೋರಿ ಅಲ್ಲೇ ಇದೆ. ಹೆರಿಗೆ ನೋವು ಶುರುವಾದಾಗ ಅವರ ಮಾಲೆ ಓದುವುದು ಮಾಪಿಳ್ಳೆ ಮನೆಗಳ ಪದ್ಧತಿ.

"ಆಗ ಆಸ್ಪತ್ರೆಗೆ ಹೋಗಲು ಜೀಪು ಎಲ್ಲಿತ್ತು ಮೋಳೇ? ಸೂಲಗಿತ್ತಿ ಒಳಗೆ, ನಾವು ಹೊರಗೆ ಕೂತು ಓದುವುದು. ಒಳಗೆ ಇರುವವಳಿಗೆ ನಮ್ಮ ಸ್ವರ ಕೇಳಬೇಕು. ಒಬ್ಬಳೇ ಅಲ್ಲ ಅಂತ ಗೊತ್ತಾಗಬೇಕು."

ಪಕ್ಕದ ಲೈನ್ ಮನೆಯ ತುಳು ಹೆಂಗಸಿನ ಹೆರಿಗೆಗೂ ಹೋಗಿ ಓದಿದ್ದರಂತೆ. ಆಕೆಗೆ ಒಂದು ಮಾತೂ ಅರ್ಥವಾಗಿರಲಿಕ್ಕಿಲ್ಲ, ಅದು ಬೇಕಾಗಿಯೂ ಇರಲಿಲ್ಲ ಅಲ್ವಾ? ನಾನು ಅಂದು ಮುದ್ರಣ ನಿಲ್ಲಿಸಿ ಸುಮ್ನೆ ಕೇಳಿಸಿಕೊಂಡೆ.

ಮಾಲೆಗಳನ್ನು ಬರೆದುಕೊಳ್ಳಲು ಮದ್ರಸದ ಉಸ್ತಾದರು ಸಹಾಯ ಮಾಡಿದರು. ಅಚ್ಚಾದ ಪಾಠಕ್ಕೂ ಉಮ್ಮನ ಬಾಯಿಪಾಠಕ್ಕೂ ಅಲ್ಲಲ್ಲಿ ವ್ಯತ್ಯಾಸ ಇತ್ತು. ಉಸ್ತಾದರು ಅಚ್ಚಿನದ್ದೇ ಸರಿ ಅಂದರು. ನಾನು ಎರಡನ್ನೂ ಪಕ್ಕಪಕ್ಕ ಇಟ್ಟೆ. ಇಶಾ ನಮಾಜಿನ ನಂತರ ಓದುವ ಹದ್ದಾದ್ ರಾತೀಬನ್ನೂ ಅವರೇ ವಿವರಿಸಿದರು. ತರೀಮಿನ ಅಬ್ದುಲ್ಲಾಹ್ ಅಲ್ ಹದ್ದಾದ್ (1634–1720) ಹೊಂದಿಸಿದ ದಿಕ್ರ್ ಅದು. ಸಖಾಫರ ಊರೇ ತರೀಂ. ಗ್ರಂಥಾಲಯದಲ್ಲಿ ಓದಿದ ಯೆಮೆನ್ ಇಲ್ಲಿ ಪ್ರತಿ ರಾತ್ರಿ ಕಿವಿಗೆ ಬೀಳುತ್ತಿತ್ತು.

ಇದೆಲ್ಲವನ್ನೂ ಒಪ್ಪದ ಮುಸ್ಲಿಮರೂ ಇದ್ದಾರೆ. ಅದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಒಬ್ಬ ಯುವಕ ನನಗೆ ಬಹಳ ಮರ್ಯಾದೆಯಿಂದ, ಗೋರಿಯ ಮುಂದೆ ಕೇಳಿಕೊಳ್ಳುವುದು ಶಿರ್ಕ್, ದೇವರಿಗೆ ಸಮಾನ ಇಟ್ಟ ಹಾಗೆ ಅಂತ ವಿವರಿಸಿದ. ಕುರ್‌ಆನಿನ ವಾಕ್ಯಗಳನ್ನು ಹೇಳಿದ. ಅದೇ ಮಾತನ್ನು ಉಸ್ತಾದರ ಮುಂದಿಟ್ಟೆ. ಅವರು ತವಸ್ಸುಲ್ ಬಗ್ಗೆ ಹೇಳಿದರು. ಕೊಡುವವನು ಅಲ್ಲಾಹು ಒಬ್ಬನೇ, ಅವನಿಗೆ ಪ್ರಿಯರಾದವರ ಹೆಸರು ಹಿಡಿದು ನಾವು ಅವನನ್ನೇ ಕೇಳುವುದು, ಗೋರಿಗೆ ಸುಜೂದ್ (ಹಣೆ ನೆಲಕ್ಕೆ ಇಟ್ಟು ನಮಿಸುವುದು) ಮಾಡುವುದನ್ನು ನಾವೂ ಒಪ್ಪುವುದಿಲ್ಲ ಅಂದರು. ಈ ವಾದ ಕೊಡಗಿನದ್ದು ಮಾತ್ರ ಅಲ್ಲ, ಶತಮಾನಗಳಿಂದ ಮುಸ್ಲಿಂ ಲೋಕದ ತುಂಬ ನಡೆದದ್ದು. ಹೆಂಗಸರು ಗೋರಿಗೆ ಹೋಗಬಹುದಾ ಅನ್ನುವುದರಲ್ಲೂ ಭಿನ್ನಾಭಿಪ್ರಾಯ ಇದೆ. ಉಮ್ಮ ಮಾತ್ರ ಹೋಗುವುದನ್ನು ಬಿಟ್ಟಿರಲಿಲ್ಲ. ನಾನು ತೀರ್ಪು ಕೊಡಲು ಹೋಗಲಿಲ್ಲ, ಅದು ನನ್ನ ಕೆಲಸವೂ ಅಲ್ಲ. ಮೂವರ ಮಾತನ್ನೂ ಅವರವರ ತೂಕದಲ್ಲಿ ಬರೆದೆ.

ಜಮ್ಮಾ ಮಾಪಿಳ್ಳೆಯವರ ಮನೆಗಳಲ್ಲಿ ಕೊಡವ ತಕ್ಕ್‌ನಲ್ಲಿ ಮಾತಾಡಿದ್ದು ಬೇರೆಯೇ ಅನುಭವ. ಒಂದು ಮನೆಯ ಹಿರಿಯರು ತಮ್ಮ ಮನೆ ಹೆಸರು, ಜಮ್ಮಾ ಜಾಗ, ಊರಿನ ಹಬ್ಬದಲ್ಲಿ ತಮಗಿದ್ದ ಸ್ಥಾನ ಎಲ್ಲ ಹೇಳಿದರು. ಅದು ಬೇರೆ ಪ್ರಬಂಧಕ್ಕೇ ಆಗುವಷ್ಟು ಇದೆ. ನಾನು ಮುಟ್ಟಿ ಬಿಟ್ಟೆ.

ಅಧ್ಯಾಯ ಮುಗಿದ ಮೇಲೆ, ಬರೆದುಕೊಟ್ಟ ಹಾಗೆ ಜಮಾಅತಿನವರಿಗೆ ಓದಿ ಹೇಳಿದೆ. ಮದ್ರಸದ ಬೆಂಚುಗಳಲ್ಲಿ ಹಿರಿಯರು ಕೂತಿದ್ದರು. ಹುಡುಗರು ಕಿಟಕಿಯ ಹತ್ತಿರ. ಹೆಂಗಸರು ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದುಕೊಂಡು. ಹರಕೆಯ ಭಾಗ ಓದುವಾಗ ಎಲ್ಲರೂ ನಕ್ಕರು, ತಲೆಯಾಡಿಸಿದರು, ತಮಗೆ ಗೊತ್ತಿದ್ದ ಇನ್ನಷ್ಟು ಕಥೆ ಸೇರಿಸಿದರು. ಕರಾಮತ್‌ಗಳ ಭಾಗಕ್ಕೆ ಬಂದಾಗ ಗಲಾಟೆ ಆಯಿತು. ಸಂತರ ಪವಾಡಗಳನ್ನು ನಾನು ಐತಿಹ್ಯ ಅಂತ ಒಂದು ಕಡೆ ಕೂಡಿಸಿದ್ದೆ. ಸಂಶೋಧನೆಯ ಪದ್ಧತಿ ಅದು.

ಹಾಜಿಯವರು ಎದ್ದು ನಿಂತರು. "ಹಸು ಬದುಕಿದ್ದನ್ನು ನಡೆದದ್ದು ಅಂತ ಬರೆದಿರಿ. ಇದನ್ನು ಮಾತ್ರ ಕಟ್ಟುಕಥೆ ಥರ ಬರೆದಿರಿ. ಎರಡೂ ಹೇಳಿದವರ ಬಾಯಿಂದಲೇ ಬಂದದ್ದಲ್ವಾ?"

ವಾದ ಬಹಳ ಹೊತ್ತು ನಡೆಯಿತು. ಆಗ ಪಕ್ಕದ ಕೋಣೆಯಿಂದ ಒಬ್ಬ ಹೆಂಗಸು ಹೇಳಿದರು: ಯಾರು ಹೇಳಿದರು, ಯಾವಾಗ ಹೇಳಿದರು, ಯಾಕೆ ಹೇಳಿದರು ಅಂತ ಬರೆಯಿರಿ, ಓದುವವರು ಬೇಕಾದ ಹಾಗೆ ನಂಬಲಿ. ಅದೇ ಸರಿ ಅಂತ ಎಲ್ಲರಿಗೂ ಅನ್ನಿಸಿತು. ಇಡೀ ಭಾಗವನ್ನು ಮತ್ತೆ ಬರೆದೆ. ಈಗ ಪ್ರತಿ ಕರಾಮತ್ತೂ ಒಬ್ಬರ ಜೀವನದ ಒಂದು ಗಳಿಗೆಯ ಜೊತೆ ಬರುತ್ತದೆ. ಮಗ ಕಾಯಿಲೆ ಬಿದ್ದಾಗ ಅಪ್ಪ ಹೇಳಿದ ಕಥೆ, ತೋಟ ಮಾರಬೇಕಾಗಿ ಬಂದಾಗ ಅಣ್ಣ ತಮ್ಮನಿಗೆ ನೆನಪಿಸಿದ ಕಥೆ. ಬರೆದ ಭಾಗ ಇದರಿಂದ ಎಷ್ಟೋ ಉತ್ತಮವಾಯಿತು. ಮೌಲ್ಯಮಾಪಕರು ಹೊಗಳಿದ್ದೂ ಇದೇ ಭಾಗವನ್ನು. ಜಮೀನಿನ ಮಾತು ಬರುವ ಒಂದು ಕಥೆಯನ್ನು ತೆಗೆಯಿರಿ ಅಂತ ಹಿರಿಯರು ಕೇಳಿದರು. ತೆಗೆದೆ. ಮಾತಾಡಿದವರ ಹೆಸರುಗಳನ್ನೂ ಬದಲಿಸಿದೆ.

ಪದವಿ ಬಂತು. ಪ್ರಬಂಧದ ಒಂದು ಪ್ರತಿ ಮತ್ತು ನೋಟಿಸುಗಳ ಪೂರ್ತಿ ಜೆರಾಕ್ಸ್ ಕಟ್ಟು ಈಗ ಮದ್ರಸದ ಕಪಾಟಿನಲ್ಲಿದೆ. ಕಮಿಟಿಯ ಹತ್ತಿರವೇ ಹಳೆಯವು ಇರಲಿಲ್ಲ, ಕೇಳಿ ಪಡೆದರು. ಉಮ್ಮನ ಧ್ವನಿಮುದ್ರಣ ಅವರ ಮೊಮ್ಮಗಳ ಫೋನಿಗೆ ಹಾಕಿ ಕೊಟ್ಟೆ. ಆಕೆ ಕನ್ನಡ ಮಾಧ್ಯಮದಲ್ಲಿ ಓದುವವಳು. ಮಾಲೆಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡಿ ಅಂತ ಕೇಳಿದಳು. ಈಗ ಅದನ್ನೇ ಮಾಡುತ್ತಿದ್ದೇನೆ, ಉಸ್ತಾದರು ತಿದ್ದುತ್ತಿದ್ದಾರೆ.

ಮುಂದೆ ವಿರಾಜಪೇಟೆ ಹತ್ತಿರದ ಅಂಬಟ್ಟಿ ಮತ್ತು ಕೊಂಡಂಗೇರಿಯ ಕೆಲಸ ಇದೆ. ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಆ ಊರುಗಳ ಹಳೇ ಉರೂಸ್ ನೋಟಿಸು, ರಶೀದಿ, ಫೋಟೋ ಇದ್ದರೆ ದಯವಿಟ್ಟು ಬಿಸಾಡಬೇಡಿ. ನೀವು ಯಾವ ಮನೆತನದವರೇ ಆಗಿರಿ, ಅಜ್ಜಿ ಹೇಳಿಕೊಂಡ ಹರಕೆ ನೆನಪಿದ್ದರೆ ಒಂದು ಕಾಗದದಲ್ಲಿ ಬರೆದಿಡಿ: ಯಾವ ವರ್ಷ, ಏನು ಕಷ್ಟ, ಏನು ಕೊಟ್ಟರು, ಯಾರು ಹೋಗಿ ಒಪ್ಪಿಸಿ ಬಂದರು.